ಸೊಂಟ ಇಪ್ಪತ್ತಾರು

ಕೌಲ್ ಬಜಾರು, ಎರಡನೇ ಮಹಡಿ, ಹನ್ನೊಂದು ಮಷೀನು.
ಕಿಟಕಿ ಪಕ್ಕದ್ದು ನಂದು.
ದಿನಕ್ಕೆ ನೂರಾ ನಲವತ್ತು ಜೀನ್ಸಿಗೆ ಪಟ್ಟಿ ಕೂಡಿಸ್ತೀನಿ.
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು
ಟೇಪು ಬೇಕಿಲ್ಲ, ನೋಡಿದರೆ ಸಾಕು.

ಗಾದಿಲಿಂಗನ ಸೊಂಟ ಮಾತ್ರ ತಪ್ಪಿತು.
ವಯಸ್ಸು ಆರು, ಕಾಲು ಮೂರರವು,
ಹೊಟ್ಟೆ
ಯಾರದೋ ಅಳತೆ ತಂದು ಕೂಡಿಸಿದಂಗೆ.

ಮಣ್ಣು ತಿಂತಾನೇನು, ಅಂದಳು ಶಾಹೇದಾ.
ಜಂತು, ಅಂದ ಔಷಧಿ ಅಂಗಡಿಯವನು.
ಅತ್ತಿ ಸಿರುಗುಪ್ಪಕ್ಕೆ ಒಯ್ದು ನಾಕು ಚುಟಿಗಿ ಹಾಕಿಸಿದರು.
ಚುಟಿಗಿ ಒಣಗಿದವು. ಹೊಟ್ಟೆ ಇಳೀಲಿಲ್ಲ.
ಒಂದಿನ ಪಾಟಿ ಮೇಲೆ ಮೂಗಿನ ರಕ್ತ,
ಬರೆದ ಅ ಆ ಎಲ್ಲ ಕೆಂಪು.

ದೊಡ್ಡಾಸ್ಪತ್ರಿ. ಡಾಕ್ಟರಮ್ಮ ಮಲಗಿಸಿ,
ಬೆರಳಿಂದ ಒತ್ತಿ ಒತ್ತಿ, ಪೆನ್ನಿಂದ
ಬಲಕ್ಕೊಂದು ಗೆರೆ ಎಳೆದರು, ಎಡಕ್ಕೊಂದು.
ನಾನು ಬಟ್ಟೆ ಮೇಲೆ ಚಾಕ್ ಎಳೀತೀನಲ್ಲ, ಹಂಗೇ.
ಕತ್ತರಿ ಎಲ್ಲೈತಿ ಅಂತ ಮೇಜು ನೋಡಿದೆ.

'ಇದು ಕಾರ್ಜ. ಇದು ಗುಲ್ಮ, ಹೊಕ್ಕುಳ ದಾಟೈತಿ.'
ಗುಲ್ಮ ಅಂಬೋದೊಂದು ಒಳಗಿರ್ತೈತಿ ಅಂತ
ಅವತ್ತೇ ಗೊತ್ತಾಗಿದ್ದು ನನಗೆ.
ಕೊಬ್ಬು ಕರಗಿಸೋ ರಸ ಒಂದು ಇವನಲ್ಲಿ ಹುಟ್ಟಲ್ಲಂತೆ,
ಕರಗದ್ದೆಲ್ಲ ಅಲ್ಲೇ ಕೂಡಿ ಬೀಳ್ತೈತಂತೆ,
ಕಸದ ಗಾಡಿ ಬರದ ಓಣಿ.

ಪೆನ್ನಿನ ಟೋಪಿ ಹಾಕುತ್ತ ಕೇಳಿದರು: ಗಂಡ ಏನಾಗಬೇಕು?
ಗಂಡ, ಅಂದೆ.
ಅದಕ್ಕೂ ಮೊದಲು?
ಸೋದರಮಾವ.

ಹೊರಗೆ ಬೆಂಚಿನ ಮೇಲೆ ಕುಂತಿದ್ದ,
ನನ್ನ ತೊಟ್ಟಿಲು ತೂಗಿದವನು,
ಮಗನ ಚಪ್ಪಲಿ ಕೈಯಾಗ ಹಿಡಕೊಂಡು.
ಒಂದೇ ಥಾನಿನ ಎರಡು ತುಂಡು ನಾವು,
ಎಳೆ ಬಿಟ್ಟ ಜಾಗ ಎರಡರಾಗೂ ಒಂದೇ.
ಕಳ್ಳುಬಳ್ಳಿ ಕಡೀಬಾರದು ಅಂತ ಕೂಡಿಸಿದರು.
ಯಾರನ್ನ ಬೈಯಲಿ? ಅತ್ತಿ ಅಂದರೆ
ನಮ್ಮವ್ವನ ಹಡೆದವ್ವ.

ಔಷಧಿ ಐತಂತೆ. ಹದಿನೈದು ದಿನಕ್ಕೊಂದು ಸಲ,
ನರಕ್ಕೆ, ಜೀವ ಇರೋತನ.
ಬೆಲೆ ಹೇಳಿದರು. ಇನ್ನೊಮ್ಮೆ ಹೇಳ್ರಿ ಅಂದೆ.
ಬೆಂಗಳೂರಿಗೆ ಅರ್ಜಿ ಹೋಗೈತಿ,
ಜೊತೆಗೆ ಅವನ ಫೋಟೋ, ಅಂಗಿ ಎತ್ತಿ ಹಿಡಿದದ್ದು.
ಫೋಟೋದಾಗ ನಗ್ತಾನೆ ಕಳ್ಳ,
ಕ್ಯಾಮೆರಾ ಅಂದರೆ ಅವನಿಗೆ ಅಷ್ಟು ಖುಷಿ.

ನಿನ್ನೆ ಉಳಿದ ಬಟ್ಟೆಯಾಗ ಒಂದು ಪ್ಯಾಂಟು ಹೊಲಿದೆ.
ಮಾಲೀಕರು ತಿರುವಿ ತಿರುವಿ ನೋಡಿದರು:
ಇದ್ಯಾವ ಸೈಜಮ್ಮ, ಇಂಥದ್ದು ಇಲ್ವಲ್ಲ?
ಐತಿ, ಅಂದೆ.

ಸೊಂಟದಾಗ ಹೆಚ್ಚಿಗೆ ಬಟ್ಟೆ ಬಿಟ್ಟಿಲ್ಲ, ಒಂದು ನೂಲೂ.
ಕಾಲಿನ ತುದಿಗೆ, ಒಳಗಡೆ,
ಮೂರು ಮಡಿಕೆ ಬಿಟ್ಟೀನಿ.