ಹೆಬ್ಬೆರಳಿನ ನೆರೆ

ಮಂಗಳವಾರ ಮುರುಗೋಡು ಕೊಯ್ಯುವಾಗ
ಮುಳ್ಳು ಹೊಕ್ಕಿತು ಹೆಬ್ಬೆರಳಿಗೆ.
ಇಪ್ಪತ್ತು ವರ್ಷ ಪಳಗಿದ ಕೈ; ಚೀಪಿ ಉಗಿದು
ಮುಂದಿನ ಮೀನು ಎತ್ತಿಕೊಂಡೆ.

ಬುಧವಾರ ಬೆರಳು ಬದನೆಕಾಯಿ.
ರಫೀಕಾ ತಂದ ಚಹಾ, ದಿನದಷ್ಟೇ ಬಿಸಿ,
ಲೋಟ ಮುಟ್ಟಿದರೆ ಕೆಂಡ.
ಸೆರಗಿನ ಅಂಚು ತಾಗಿದರೆ, ತಾಯಾಣೆ, ಕತ್ತಿ.
ಚಿಲ್ಲರೆ ಕೊಡಲು ತಡವರಿಸಿದೆ, ಗಿರಾಕಿ ನಕ್ಕರು:
‘ಏನು ಜಲಜಕ್ಕಾ,
ಒಂದು ರೂಪಾಯಿ ಅಷ್ಟು ಭಾರವೇ?’

ಮೆಗ್ಗಾನ್ ಆಸ್ಪತ್ರೆಯ ಎಳೇ ಡಾಕ್ಟರಮ್ಮ
ಒತ್ತಲಿಲ್ಲ, ಉಫ್ ಎಂದು ಊದಿದಳಷ್ಟೇ.
ಹೌಹಾರಿದೆ.
‘ಸುಳ್ಳಲ್ಲಮ್ಮಾ ಇದು,’ ಎಂದಳು, ‘ಬಾವಿನಲ್ಲಿ
ಒಸರುವ ರಸ ನೋವಿನ ನರವನ್ನು ನೆನೆಸಿ
ಅದರ ಹೊಸ್ತಿಲನ್ನೇ ತಗ್ಗಿಸುತ್ತದೆ.’

ಹೊಸ್ತಿಲೋ ಏನೋ. ನನಗೆ ಹೊಳೆದದ್ದು ಹೊಳೆ.
ಕೋರ್ಪಲಯ್ಯನ ಛತ್ರದ ಬಳಿ
ಮಂಟಪ ಮುಳುಗಿದರೆ ಮಾತ್ರ
ತುಂಗೆ ತುಂಬಿದಳು ಅನ್ನುವವರು ನಾವು.
ಈ ಬೆರಳೊಳಗೆ ಯಾರೋ ರಾತ್ರೋರಾತ್ರಿ
ಮಂಟಪವನ್ನೇ ಕೆಳಗಿಳಿಸಿದ್ದಾರೆ;
ಬೊಗಸೆ ನೀರಿಗೂ ಊರೆಲ್ಲ ಕೂಗು.

ಇವತ್ತು ಎಡಗೈಯಲ್ಲಿ ತಕ್ಕಡಿ.
ನಿನ್ನೆ ಮೊನ್ನೆಯವರೆಗೆ
ಐಸೂ ಉಪ್ಪೂ ಒಂದೇ ಆಗಿದ್ದ ಕೈಗೆ
ಈಗ ಬಟ್ಟೆ ಬಿಚ್ಚಿದಾಗ ನೊಣ ಕೂತರೂ
ಆರು ಕಾಲನ್ನೂ ಎಣಿಸಬಲ್ಲೆ.