ಸತುವಿನ ಲೆಕ್ಕ

ತ್ಬಿಲಿಸಿಯಲ್ಲಿ ಆ ಚಳಿಗಾಲ ಕರೆಂಟಿರಲಿಲ್ಲ.
ಹನ್ನೊಂದನೇ ಕ್ಲಾಸಿಗೆಲ್ಲ ಮೂರೇ ಮೇಣದ ಬತ್ತಿ,
ಒಂದು ಸೀಮೆಎಣ್ಣೆ ಸ್ಟೌ,
ಕೈಗವಸು ತೆಗೆಯದೆ ಹಿಡಿದ ಪೆನ್ಸಿಲು.

ಲಮಾರಾ ಟೀಚರು ಬೋರ್ಡಿನ ಮೇಲೆ ಬರೆದರು:
ಸತುವಿನ ಬಾಗಿಲು ದಾಟಲು
ಒಂದು ಎಲೆಕ್ಟ್ರಾನು ಕಟ್ಟಬೇಕಾದ ಸುಂಕ
ನಾಲ್ಕು ಪಾಯಿಂಟ್ ಮೂರು.
ಮೇಣದ ಹಳದಿ ಬೆಳಕಿನ ಒಂದು ಕಣದ ಜೇಬಿನಲ್ಲಿ
ಎರಡು ಪಾಯಿಂಟ್ ಒಂದು. ಅಷ್ಟೇ.

ಮಲ್ಖಾಜ್ ಎದ್ದ. "ಮೂರು ಕಣ ಸೇರಿ ಕೊಟ್ಟರೆ?"
"ಸೇರುವುದಿಲ್ಲ. ಒಂದೊಂದೇ ಬರುತ್ತವೆ,
ಸುಂಕದವನ ಮುಂದೆ ಸುಖದುಃಖ ಹೇಳಿ
ಒಂದೊಂದೇ ಸೋಲುತ್ತವೆ."
"ನೂರು ಬತ್ತಿ ಹಚ್ಚಿದರೆ?"
"ನೂರು ಸಲ ಸೊನ್ನೆ."
"ಸಾವಿರ?"

ಟೀಚರು ಬ್ಯಾಗು ತೆರೆದು
ಆ ತಿಂಗಳ ಸಂಬಳವನ್ನು ಮೇಜಿಗೆ ಸುರಿದರು,
ಕಂತೆ ಕಂತೆ ಕೂಪನ್ ನೋಟು.
"ಎಣಿಸು ಮಲ್ಖಾಜ್. ಎಣಿಸಿ ಮುಗಿದ ಮೇಲೆ
ಬ್ರೆಡ್ಡಿನ ಕ್ಯೂನಲ್ಲಿ ನಿಂತು ಬಾ."
ಯಾರೂ ನಗಲಿಲ್ಲ. ನಾನೊಬ್ಬಳು ನಕ್ಕೆ,
ಆಮೇಲೆ ನಾಚಿದೆ.

ಹನಿ ಹನಿ ಕೂಡಿದರೂ ಹಳ್ಳವಾಗದ
ಒಂದು ಜಾಗವಿದೆ ಲೋಕದಲ್ಲಿ:
ಅಂಗೈಯಗಲದ ಸತುವಿನ ತಗಡು.

ಬೀರುವಿನಲ್ಲಿ ಪಾದರಸದ ದೀಪವಿತ್ತು,
ಹಳೇ ಸ್ವೆಟರು ಸುತ್ತಿಕೊಂಡು, ಕಾಯುತ್ತ.
ಫೆಬ್ರವರಿಯ ಒಂದು ಸಂಜೆ ಏಳು ನಲವತ್ತಕ್ಕೆ
ಊರಿಗೆ ಊರೇ ಕೂಗಿತು: ಬಂತು!
ಎಲ್ಲರೂ ನೀರು ಕಾಯಿಸಲು ಮನೆಗೆ ಓಡಿದರು,
ನಾವು ಐದು ಜನ ಶಾಲೆಗೆ.
ಟೀಚರು ಆಗಲೇ ಅಲ್ಲಿದ್ದರು,
ಕೋಟಿನ ಮೇಲೆ ಶಾಲು, ಕಾಲಲ್ಲಿ ಮನೆಯ ಚಪ್ಪಲಿ.

ತಗಡನ್ನು ಮರಳುಕಾಗದದಿಂದ ಉಜ್ಜಿದೆವು.
ಎಬೊನೈಟ್ ಕೋಲನ್ನು ನನ್ನಜ್ಜಿಯ ಉಣ್ಣೆಯ ಶಾಲಿಗೆ ತಿಕ್ಕಿ
ತಗಡಿಗೆ ಸವರಿದರು. ಕೆಳಗೆ ಡಬ್ಬಿಯೊಳಗೆ
ಚಿನ್ನದ ಎರಡು ಎಲೆ
ಜಗಳವಾಡಿದ ಅಕ್ಕತಂಗಿಯರಂತೆ ದೂರ ಸರಿದವು.
ಮೇಣದ ಬತ್ತಿ ತೋರಿಸಿದೆವು. ಅಲುಗಲಿಲ್ಲ.
ಮೂರೂ ಬತ್ತಿ. ಇಲ್ಲ.
ಆಮೇಲೆ ಪಾದರಸದ ದೀಪ ಹಚ್ಚಿದರು,
ಎಲೆಗಳು ಮೆಲ್ಲಗೆ, ಬಹಳ ಮೆಲ್ಲಗೆ ಇಳಿದವು.
ನಡುವೆ ಕಿಟಕಿಯ ಗಾಜು ಹಿಡಿದೆ: ನಿಂತವು.
ತೆಗೆದೆ: ಇಳಿದವು.
ಹಿಡಿದೆ, ತೆಗೆದೆ, ಹಿಡಿದೆ, ತೆಗೆದೆ,
ಸಾಕು ಎನ್ನುವವರೆಗೂ.

ಮಲ್ಖಾಜ್ ಬೋರ್ಡಿನ ಮೇಲೆ ಬರೆಯುತ್ತಿದ್ದ:
ಕಣ ತಂದದ್ದು ನಾಲ್ಕು ಪಾಯಿಂಟ್ ಒಂಬತ್ತು,
ಸುಂಕ ಕಳೆದು ಉಳಿದ ಚಿಲ್ಲರೆ
ಸೊನ್ನೆ ಪಾಯಿಂಟ್ ಆರು. ಆ ಚಿಲ್ಲರೆಯೇ ಓಟ,
ಹೊರಬಿದ್ದ ಎಲೆಕ್ಟ್ರಾನಿಗೆ ಅದಷ್ಟೇ ಸ್ವಂತದ್ದು.

ಹನ್ನೊಂದು ನಿಮಿಷ. ಕರೆಂಟು ಹೋಯಿತು.
ಕತ್ತಲಲ್ಲಿ ಚಾಕ್‌ಪೀಸು ನೆಲಕ್ಕೆ ಬಿದ್ದ ಸದ್ದು.
ಎಲ್ಲೋ ಕೆಳಗಿನ ಬೀದಿಯಲ್ಲಿ
ಕಾಯದೇ ಉಳಿದ ನೀರಿಗೆ ಯಾರೋ ಬೈಯುತ್ತಿದ್ದರು.
ಟೀಚರ ದನಿ ಮಾತ್ರ ಇದ್ದಲ್ಲೇ ಇತ್ತು:

"ಸೊನ್ನೆ ಪಾಯಿಂಟ್ ಆರು ಏನು, ಮಲ್ಖಾಜ್?
ಆಲೂಗಡ್ಡೆಯೇ?
ಏಕಮಾನ ಬರಿ."