ಲೇತ್ ಸಾಗಿಸಿದ್ದು

ಲಾರಿಯವನು ಒಂಬತ್ತು ಸಾವಿರ ಅಂದ.
ಲೇತ್ ಮಾರಿದ್ದೇ ನಲವತ್ತೊಂದಕ್ಕೆ.
ಇನಾಸಣ್ಣ ಕಿವಿಯ ಸಂದಿಯಿಂದ ಬೀಡಿ ತೆಗೆದು
ನನ್ನ ಕಾರಿಗೆ ಒಂದು ಸುತ್ತು ಬಂದ,
ಸಂತೆಯಲ್ಲಿ ಎತ್ತು ಕೊಳ್ಳುವವನ ಹಾಗೆ,
ಮೊದಲು ಗೊರಸು, ಆಮೇಲೆ ಹಲ್ಲು.

ತೊಂಬತ್ತಾರರ ಮಾರುತಿ. ಬಣ್ಣ ಬಿಳಿ
ಅಂತ ಆರ್‌ಸಿ ಪುಸ್ತಕದಲ್ಲಿದೆ.
ತೂಕ ಆರುನೂರೈವತ್ತು ಕೆಜಿ, ನಾನು ಹತ್ತದಿದ್ದರೆ.
ಲೇತ್ ಬಿಚ್ಚಿ ಹಾಕಿದರೂ ನಾನೂರು.
"ಎಳೆಯತ್ತಾ?" ಅಂದೆ.
"ಎಳೆಯೋದೇನು ದೊಡ್ಡದಲ್ಲ ಗುಲಾಬಿ,
ನಿಲ್ಲೋದು ಹೇಗೆ ಅಂತ ಕೇಳು."

ಹಳೇ ಜೀಪಿನ ಆಕ್ಸಲ್, ಯಾರದೋ ಮಂಚದ ಪಟ್ಟಿ,
ಎಂಟು ದಿನ ವೆಲ್ಡಿಂಗಿನ ಕಿಡಿ.
ಕೊಂಡಿಯನ್ನು ಮಾತ್ರ ಮೂರು ಸಲ ಕತ್ತರಿಸಿ
ಮೂರು ಸಲ ಬೆಸೆದ.
ಹಿಂಬದಿಗೆ ಕೆಂಪು ಬಟ್ಟೆ ಬೇಕಿತ್ತು,
ನನ್ನ ಹಳೇ ಲಂಗದ ಅಂಚು ಹರಿದು ಕೊಟ್ಟೆ.

ನಸುಕಿನ ನಾಲ್ಕಕ್ಕೆ ಆಟೋ ಕಾಂಪ್ಲೆಕ್ಸ್ ಬಿಟ್ಟೆವು.
ಬೊಗಳಲು ಎದ್ದ ನಾಯಿಗಳು
ಎರಡು ಚಕ್ರ ಹೆಚ್ಚಿಗೆ ಕಂಡು
ಯಾವುದನ್ನು ಅಟ್ಟುವುದೆಂದು ತಿಳಿಯದೆ ಕೂತವು.
ಇನಾಸಣ್ಣನ ಮಡಿಲಲ್ಲಿ ಹಲಸಿನ ಕೊರಡು.
ಏರಿನಲ್ಲಿ ಕಾರು ನಿಂತರೆ
ಹಾರಿ ಇಳಿದು ಚಕ್ರಕ್ಕೆ ಕೊಡುವುದು ಅವನ ಕೆಲಸ.
ಆಯನೂರಿನವರೆಗೆ ಎರಡು ಸಲ ಹಾರಿದ,
ಅರವತ್ತೆರಡರ ಮೊಣಕಾಲಿಟ್ಟುಕೊಂಡು.

ರಿಪ್ಪನ್‌ಪೇಟೆ ದಾಟಿದ ಇಳಿಜಾರಿನಲ್ಲಿ
ಹಿಂದಿನದು ಬಾಲ ಆಡಿಸತೊಡಗಿತು.
ಮೊದಲು ಮೆಲ್ಲಗೆ, ಹಸು ನೊಣ ಓಡಿಸಿದಂತೆ.
ಆಮೇಲೆ ಕಾರನ್ನೇ ಹಿಡಿದು ಅಲುಗಿಸಿ
ಎಡಕ್ಕೆ ಚರಂಡಿ, ಬಲಕ್ಕೆ ಹಾಲಿನ ವ್ಯಾನು,
ಎಡಕ್ಕೆ ಚರಂಡಿ, ಬಲಕ್ಕೆ
"ಬ್ರೇಕ್ ಮುಟ್ಟಬೇಡ."
ಅಷ್ಟೇ. ಸಾರಿಗೆ ಇನ್ನು ಉಪ್ಪು ಬೇಡ ಅಂದ ಹಾಗೆ.
ಕಾಲು ತೆಗೆದೆ. ಕೈ ಕಲ್ಲು ಮಾಡಿಕೊಂಡೆ.
ಅದು ತಾನೇ ದಣಿದು, ಮುನಿದು,
ಸುಮ್ಮನೆ ಹಿಂದೆ ಬಂತು.

ಮೋರಿಕಟ್ಟೆಯ ಪಕ್ಕ ನಿಲ್ಲಿಸಿ ಹಗ್ಗ ಬಿಚ್ಚಿದೆವು.
"ಭಾರ ಹಿಂದಾಯ್ತು. ಮೂಗಿನ ಮೇಲೆ ಒಂಚೂರು ಕೂರಬೇಕು.
ಎಳೆಯೋದಕ್ಕೆ ಹೊರೆ ಗೊತ್ತಾಗ್ತಾ ಇರಬೇಕು ನೋಡು,
ಇಲ್ಲಾಂದ್ರೆ ಹೊರೆಗೆ ಅದು ಆಟಿಕೆ."
ಈ ಮಾತನ್ನು ನಾನು
ನನ್ನ ಬದುಕಿಗೆ ಹೊಂದಿಸಿ ನೋಡಲಿಲ್ಲ.
ಚಕ್ ಎತ್ತಿ ಮುಂದಿಟ್ಟೆ. ಇಪ್ಪತ್ತೆಂಟು ಕೆಜಿ.
ಬೆರಳು ಸಿಕ್ಕಿ ಉಗುರು ಕಪ್ಪಾಯಿತು.

ಹೊಸನಗರದ ಏರಿಗೆ ಸೂಜಿ ಕೆಂಪು ಮುಟ್ಟಿತು.
"ಹೀಟರ್ ಹಾಕು."
ಎಂಜಿನ್ನಿನ ಜ್ವರ ನಮ್ಮ ಮುಖಕ್ಕೇ ಬಂತು,
ಕಿಟಕಿ ಇಳಿಸಿ, ಬೆವರುತ್ತ,
ಮೂವರೂ ಹಂಚಿಕೊಂಡು ಏರಿದೆವು.

ಹುಲಿಕಲ್ಲಿನ ಘಾಟಿ ಇಡೀ ಮೊದಲ ಗೇರು.
ಒಂದೊಂದು ತಿರುವಿಗೂ ರಸ್ತೆಯನ್ನೆಲ್ಲ ತಿಂದೆ.
ಬ್ರೇಕಿನ ಸುಟ್ಟ ವಾಸನೆ, ಇನಾಸಣ್ಣನ ಜಪಮಾಲೆ,
ಹಿಂದೆ ಕುಂದಾಪುರದ ಬಸ್ಸು.
ಹಾರ್ನ್ ಹಾಕಲೇ ಇಲ್ಲ ಆ ಪುಣ್ಯಾತ್ಮ.
ಹೊಸಂಗಡಿಯಲ್ಲಿ ಮುಂದೆ ಹೋಗುವಾಗ ಕೈ ಹೊರಹಾಕಿ
ಹಣೆ ಮುಟ್ಟಿಕೊಂಡ,
ನಮಗಲ್ಲ, ಕಾರಿಗೆ.

ಗಂಗೊಳ್ಳಿಯಲ್ಲಿ ದೋಣಿ ರಿಪೇರಿಯ ಮೂಸಾ ಸಾಹೇಬರು
ಬಂಗುಡೆ ಊಟ ಹಾಕಿಸಿ, ಎರಡು ಸಲ ಎಣಿಸಿ ಹಣ ಕೊಟ್ಟರು.
ಟ್ರೈಲರೂ ಇರಲಿ ಅಂದರು, ಆರು ಸಾವಿರಕ್ಕೆ.
ಕೊಂಡಿ ಕಳಚಿದಾಗ
ಕಾರಿನ ಹಿಂಭಾಗ ಮೂರು ಬೆರಳು ಮೇಲೆದ್ದಿತು.
ಕೆಂಪು ಬಟ್ಟೆ ಬಿಚ್ಚಿಕೊಳ್ಳೋಣ ಅಂದುಕೊಂಡೆ,
ಸಾಹೇಬರ ಮೊಮ್ಮಗ ಆಗಲೇ ಅದನ್ನು ತಲೆಗೆ ಕಟ್ಟಿದ್ದ.

ಕತ್ತಲಲ್ಲಿ ಅದೇ ಘಾಟಿ ಹತ್ತುವಾಗ
ಗಾಳಿಗೇ ಹೆದರುವಷ್ಟು ಹಗುರ ಕಾರು.
ನಡುವಿನ ಒಂದು ತಿರುವಿನಲ್ಲಿ ಮತ್ತೆ ಅಗಲಕ್ಕೆ ಹೊರಳಿಸಿದೆ.
"ಯಾರಿಗೆ ಜಾಗ ಬಿಡ್ತಿದೀಯ?"
ಕಣ್ಣು ಮುಚ್ಚಿಕೊಂಡೇ ಕೇಳಿದ.

ನಾನು ಏನೂ ಅನ್ನಲಿಲ್ಲ.
ಅವನ ಮಡಿಲಲ್ಲಿ, ಎರಡೂ ಕೈಯಲ್ಲಿ ಭದ್ರವಾಗಿ,
ಇನ್ನೂ ಇತ್ತು ಹಲಸಿನ ಕೊರಡು.